ಕೊಂಡಿ ಕಳುಹಿಸಿದ ಮಾತ್ರಕ್ಕೆ ಕೇಳಿದಂತಾಯಿತೆ?



ನಮ್ಮ ಬಳಗದ ಒಂದು ಮನೆಯ ಸಂಗತಿಯಿಂದ ಆರಂಭಿಸುತ್ತೇವೆ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಹೆಸರಾಗಲಿ ಊರಾಗಲಿ ಬೇಡವೆಂದಿದ್ದಾರೆ. ಎರಡೂವರೆ ವರ್ಷದ ಗಂಡುಮಗು. ಮಾತು ತಡವಾಗುತ್ತಿದೆಯೇನೋ ಎಂಬ ಅಳುಕು ತಾಯಿಯ ಮನಸ್ಸಿನಲ್ಲಿ ಮೊದಲಿನಿಂದಲೂ ಇತ್ತು. ವೈದ್ಯರ ಭೇಟಿಗೆ ಎರಡು ದಿನ ಮೊದಲು ತಂದೆಯ ಫೋನಿಗೆ ಒಂದು ಕೊಂಡಿ ಬಂದಿತು. ಮಗುವಿನ ಬೆಳವಣಿಗೆಯ ಪ್ರಶ್ನಾವಳಿಯನ್ನು ಮುಂಚಿತವಾಗಿ ತುಂಬಿರಿ ಎಂಬ ಒಕ್ಕಣೆ. ಅವರು ಎರಡು ಮೀಟಿಂಗುಗಳ ನಡುವಿನ ಹತ್ತು ನಿಮಿಷದ ಬಿಡುವಿನಲ್ಲಿ, ಕಾರಿನಲ್ಲಿ ಕುಳಿತು, ಅಷ್ಟೂ ಪ್ರಶ್ನೆಗಳಿಗೆ ಉತ್ತರ ಒತ್ತಿ ಮುಗಿಸಿದರು. ಅದೇ ಹೊತ್ತಿನಲ್ಲಿ ಮನೆಯಲ್ಲಿ ಮಗುವಿನ ಬಾಯಿಗೆ ಮೊಸರನ್ನದ ತುತ್ತಿಡುತ್ತಿದ್ದವರು ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಜ್ಜಿ. ಕರೆದರೆ ಮಗು ತಿರುಗಿ ನೋಡುತ್ತದೆಯೆ, ಬೇಕಾದುದನ್ನು ಬೆರಳಿಟ್ಟು ತೋರುತ್ತದೆಯೆ, ದಿನಕ್ಕೆ ಎಷ್ಟು ಮಾತು ಆಡುತ್ತದೆ ಎಂಬುದನ್ನು ಬಲ್ಲವರು ಆ ಹಿರಿಯರು. ಅವರನ್ನು ಯಾರೂ ಕೇಳಲಿಲ್ಲ. ಸದ್ಯಕ್ಕೆ ಚಿಂತೆಯಿಲ್ಲ ಎಂಬ ಫಲಿತಾಂಶ ಬಂದಿತು. ಚಿಂತೆಯಿತ್ತು ಎಂಬುದು ಎಲ್ಲರಿಗೂ ತಿಳಿಯುವ ವೇಳೆಗೆ ಮಗುವಿಗೆ ಮೂರು ತುಂಬಿತ್ತು. ಮೂರರೊಳಗಿನ ಮಕ್ಕಳಿಗೆಂದೇ ಇರುವ ನೆರವಿನ ಬಾಗಿಲು ಮುಚ್ಚಿತ್ತು.

ಇದನ್ನು ಒಂದು ಮನೆಯ ದುರದೃಷ್ಟವೆಂದು ಬಿಟ್ಟುಬಿಡಲು ನಮಗೆ ಮನಸ್ಸಾಗಲಿಲ್ಲ. ಚಿಕಾಗೋ ಸುತ್ತಿನ ನೇಪರ್‌ವಿಲ್, ಅರೋರಾ, ಶಾಂಬರ್ಗ್‌ಗಳಲ್ಲಿಯೂ ಡೆಟ್ರಾಯ್ಟ್ ಸುತ್ತಿನ ನೋವೈ, ಕ್ಯಾಂಟನ್, ಟ್ರಾಯ್‌ಗಳಲ್ಲಿಯೂ ಎಳೆಯ ಮಕ್ಕಳಿರುವ ಕನ್ನಡದ ಮನೆಗಳು ಅನೇಕ. ಕ್ಲಿನಿಕ್ಕುಗಳೂ ಬೆಳವಣಿಗೆಯ ನೆರವಿನ ಕಚೇರಿಗಳೂ ಕಾಗದದ ಪ್ರಶ್ನಾವಳಿಯನ್ನು ಬಿಟ್ಟು ಫೋನಿನ ಪ್ರಶ್ನಾವಳಿಗೆ ಹೊರಳುತ್ತಿರುವ ಕಾಲವಿದು. 2020ರ ಮಹಾಮಾರಿ ಆ ಹೊರಳುವಿಕೆಗೆ ವೇಗ ಕೊಟ್ಟಿತು. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಹೆತ್ತವರನ್ನು ಕೇಳುವುದು ಸರಿ. ಕಾಗದದ ಬದಲು ಫೋನಿನಲ್ಲಿ ಕೇಳುವುದೂ ಸರಿ. ಆದರೆ ಇಂಗ್ಲಿಷಿನ ಕೊಂಡಿಯೊಂದನ್ನು ಮನೆಯ ಒಬ್ಬರ ಫೋನಿಗೆ ಕಳುಹಿಸಿ, ಬಂದ ಅಂಕವನ್ನೇ ಮಗುವಿನ ಸ್ಥಿತಿಯೆಂದು ಬರೆದುಕೊಳ್ಳುವುದು ಕೇಳುವುದಲ್ಲ; ಕೇಳಿದೆವೆಂದು ದಾಖಲೆ ಮಾಡಿಕೊಳ್ಳುವುದು.

ವಿಷಯಕ್ಕೆ ಹೊಸಬರಾದ ಓದುಗರಿಗಾಗಿ ವ್ಯವಸ್ಥೆಯ ಪರಿಚಯವನ್ನು ಸಂಕ್ಷೇಪವಾಗಿ ಕೊಡುತ್ತೇವೆ. ಹುಟ್ಟಿನಿಂದ ಮೂರನೆಯ ಹುಟ್ಟುಹಬ್ಬದವರೆಗಿನ ಮಕ್ಕಳ ಬೆಳವಣಿಗೆಯಲ್ಲಿ ಕುಂದು ಕಂಡರೆ ಅವರಿಗೂ ಅವರ ಕುಟುಂಬಕ್ಕೂ ನೆರವು ದೊರಕಬೇಕೆಂದು ಅಮೆರಿಕದ ಕಾಂಗ್ರೆಸ್ಸು 1986ರಲ್ಲಿ ಕಾಯಿದೆ ಮಾಡಿತು. ಅದು ಇಂದು ವಿಕಲಚೇತನರ ಶಿಕ್ಷಣ ಕಾಯಿದೆಯ 'ಪಾರ್ಟ್ ಸಿ' ಎಂಬ ಭಾಗವಾಗಿದೆ. ಇಲಿನಾಯ್‌ನಲ್ಲಿ ಇದರ ಹೆಸರು ಅರ್ಲಿ ಇಂಟರ್ವೆನ್ಷನ್. 'ಚೈಲ್ಡ್ ಅಂಡ್ ಫ್ಯಾಮಿಲಿ ಕನೆಕ್ಷನ್ಸ್' ಎಂಬ 25 ಪ್ರಾದೇಶಿಕ ಕಚೇರಿಗಳ ಮೂಲಕ ನಡೆಯುತ್ತದೆ. ಮಿಷಿಗನ್‌ನಲ್ಲಿ ಹೆಸರು 'ಅರ್ಲಿ ಆನ್'; ಅಲ್ಲಿ ಓಕ್ಲೆಂಡ್ ಮತ್ತು ವೇಯ್ನ್ ಕೌಂಟಿಗಳ ಶಾಲಾ ಸಂಸ್ಥೆಗಳಂತಹವುಗಳ ಮೂಲಕ ನಡೆಯುತ್ತದೆ. ವೈದ್ಯರೇ ಶಿಫಾರಸು ಮಾಡಬೇಕೆಂಬ ನಿಯಮವಿಲ್ಲ. ತಂದೆತಾಯಿಯರೇ ನೇರವಾಗಿ ಕರೆ ಮಾಡಬಹುದು. ಕರೆ ತಲುಪಿದ 45 ದಿನಗಳೊಳಗೆ ಮೌಲ್ಯಮಾಪನ ನಡೆದು, ಅರ್ಹತೆಯಿದ್ದರೆ ಕುಟುಂಬದೊಡನೆ ಕುಳಿತು ಸೇವಾಯೋಜನೆಯ ಮೊದಲ ಸಭೆಯೂ ಆಗಬೇಕು. ಮೌಲ್ಯಮಾಪನಕ್ಕೆ ಹಣ ಕೊಡಬೇಕಾಗಿಲ್ಲ. ಆಮೇಲಿನ ಚಿಕಿತ್ಸೆಗೆ ಇಲಿನಾಯ್ ಆದಾಯಕ್ಕನುಗುಣವಾಗಿ ಶುಲ್ಕ ಕೇಳುತ್ತದೆ, ಮಿಷಿಗನ್ ಕೇಳುವುದಿಲ್ಲ.

ಅರ್ಹತೆಯ ಅಳತೆಗೋಲು ಎರಡು ರಾಜ್ಯಗಳಲ್ಲಿ ಬೇರೆ ಬೇರೆ. ಬೆಳವಣಿಗೆಯ ಯಾವುದಾದರೂ ಒಂದು ಕ್ಷೇತ್ರದಲ್ಲಿ ಶೇಕಡಾ 30ರಷ್ಟು ಹಿಂದುಳಿದಿರಬೇಕೆನ್ನುತ್ತದೆ ಇಲಿನಾಯ್. ಶೇಕಡಾ 20 ಸಾಕೆನ್ನುತ್ತದೆ ಮಿಷಿಗನ್. ತಜ್ಞರ ವಿವೇಚನೆಗೆ ಎರಡೂ ಕಡೆ ಅವಕಾಶವಿದೆ ನಿಜ. ಆದರೂ ಅಂಕವನ್ನೇ ನೆಚ್ಚಿದರೆ, ಟ್ರಾಯ್‌ನಲ್ಲಿ ನೆರವು ಪಡೆಯುತ್ತಿದ್ದ ಮಗು ತಂದೆಯ ಕೆಲಸ ಬದಲಾಗಿ ಐ-94 ಹೆದ್ದಾರಿ ಹಿಡಿದು ಅರೋರಾಕ್ಕೆ ಬಂದ ಕೂಡಲೇ ಅನರ್ಹವೆನಿಸಬಹುದು. ಮಗು ಬದಲಾಗಿಲ್ಲ, ಅಳತೆ ಬದಲಾಗಿದೆ. ಅಂಕವೆಂಬುದು ದೈವವಾಣಿಯಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಇನ್ನು ಪ್ರಶ್ನಾವಳಿಯ ಮಾತು. ಹೆತ್ತವರ ಹೇಳಿಕೆಯನ್ನು ಆಧಾರವಾಗಿಟ್ಟುಕೊಂಡ ಪ್ರಶ್ನಾವಳಿಗಳಲ್ಲಿ ಬಹಳ ಪ್ರಚಲಿತವಾದುದು 'ಏಜಸ್ ಅಂಡ್ ಸ್ಟೇಜಸ್'. ಆರೆಗನ್ ವಿಶ್ವವಿದ್ಯಾಲಯದ ಡಯಾನ್ ಬ್ರಿಕರ್, ಜೇನ್ ಸ್ಕ್ವಯರ್ಸ್ ಮತ್ತು ಅವರ ಸಂಗಡಿಗರು ರೂಪಿಸಿದ ಇದು 1995ರಲ್ಲಿ ಮೊದಲು ಪ್ರಕಟವಾಯಿತು. ಮೂರನೆಯ ಆವೃತ್ತಿ 2009ರದು. ಮಗುವಿನ ವಯಸ್ಸಿಗೆ ತಕ್ಕಂತೆ 21 ಪ್ರಶ್ನಾವಳಿಗಳಿವೆ. ಮಾತುಕತೆ, ದೊಡ್ಡ ಚಲನೆಗಳು, ಕೈಬೆರಳಿನ ಚಲನೆಗಳು, ಸಮಸ್ಯೆ ಬಿಡಿಸುವಿಕೆ, ಇತರರೊಡನೆ ಬೆರೆಯುವಿಕೆ ಎಂಬ ಐದು ಕ್ಷೇತ್ರಗಳಿಗೆ ತಲಾ ಆರು ಪ್ರಶ್ನೆ. 'ಹೌದು' ಎಂದರೆ 10, 'ಕೆಲವೊಮ್ಮೆ' ಎಂದರೆ 5, 'ಇನ್ನೂ ಇಲ್ಲ' ಎಂದರೆ 0. ಒಂದು ಕ್ಷೇತ್ರಕ್ಕೆ ಹೆಚ್ಚೆಂದರೆ 60. ನಿಗದಿತ ಗೆರೆಗಿಂತ ಕೆಳಗಿಳಿದರೆ ಮಗುವನ್ನು ಮುಂದಿನ ಪರೀಕ್ಷೆಗೆ ಕಳುಹಿಸಬೇಕು.

ಇದರ ಹಿಂದಿನ ತತ್ವವನ್ನು ನಾವು ಮನಸಾರೆ ಒಪ್ಪುತ್ತೇವೆ. ಅಪರಿಚಿತವಾದ ಕೋಣೆಯಲ್ಲಿ, ಅಪರಿಚಿತರ ಎದುರು, ಇಪ್ಪತ್ತು ನಿಮಿಷ ಕಂಡ ಮಗುವಿಗಿಂತ ಮನೆಯಲ್ಲಿ ದಿನವಿಡೀ ಕಂಡ ಮಗು ನಿಜವಾದ ಮಗು. ಹೆತ್ತವರ ಅಳುಕನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ಈ ಕ್ಷೇತ್ರದ ಸಂಶೋಧಕರು ದಶಕಗಳಿಂದ ವಾದಿಸಿಕೊಂಡು ಬಂದಿದ್ದಾರೆ. ಆ ವಾದ ಗೆದ್ದುದು ಒಳ್ಳೆಯದೇ ಆಯಿತು. ಫೋನಿನಲ್ಲಿ ತುಂಬುವುದರಿಂದ ಅಂಕಗಳ ಲೆಕ್ಕ ತಪ್ಪುವುದಿಲ್ಲ, ಕಾಗದ ಕಳೆಯುವುದಿಲ್ಲ, ಮುಂದಿನ ಪ್ರಶ್ನಾವಳಿಯ ದಿನವನ್ನು ಯಂತ್ರವೇ ನೆನಪಿಸುತ್ತದೆ. ಮಕ್ಕಳ ವೈದ್ಯರ ರಾಷ್ಟ್ರೀಯ ಅಕಾಡೆಮಿ 9, 18 ಮತ್ತು 30ನೆಯ ತಿಂಗಳುಗಳಲ್ಲಿ ಎಲ್ಲ ಮಕ್ಕಳ ಬೆಳವಣಿಗೆಯನ್ನೂ, 18 ಮತ್ತು 24ನೆಯ ತಿಂಗಳುಗಳಲ್ಲಿ ಆಟಿಸಂ ಲಕ್ಷಣಗಳನ್ನೂ ತಪಾಸಣೆ ಮಾಡಬೇಕೆನ್ನುತ್ತದೆ. ಅಷ್ಟು ಮಕ್ಕಳನ್ನು ತಲುಪಲು ಯಂತ್ರದ ನೆರವು ಬೇಕು. ನಮ್ಮ ಜಗಳ ಯಂತ್ರದೊಡನೆಯಲ್ಲ.

ನಮ್ಮ ಮೊದಲ ಆಕ್ಷೇಪ ಭಾಷೆಯದು. 'ಏಜಸ್ ಅಂಡ್ ಸ್ಟೇಜಸ್' ಪ್ರಶ್ನಾವಳಿಯನ್ನು ಅದರ ಪ್ರಕಾಶಕರು ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್, ಅರಬ್ಬಿ, ಫ್ರೆಂಚ್, ಚೀನೀ, ವಿಯೆಟ್ನಾಮೀ ಭಾಷೆಗಳಲ್ಲಿ ಒದಗಿಸುತ್ತಾರೆ. ಕನ್ನಡಕ್ಕೆ ಅಲ್ಲಿ ಸ್ಥಾನವಿಲ್ಲ. ಅದಕ್ಕೇನಂತೆ, ನಮ್ಮವರಿಗೆ ಇಂಗ್ಲಿಷ್ ಬರುವುದಿಲ್ಲವೆ ಎಂದು ಕೇಳುವವರಿದ್ದಾರೆ. ಬರುತ್ತದೆ. ಇಂಗ್ಲಿಷ್ ಬಲ್ಲವನು ತಂದೆ, ಮಗುವಲ್ಲ. ಎರಡು ವರ್ಷದವರೆಗೆ ಅಮ್ಮ, ಅಜ್ಜಿಯರ ಕನ್ನಡದಲ್ಲಿಯೇ ಬೆಳೆದ ಮಗುವಿನ ಮಾತನ್ನು ಇಂಗ್ಲಿಷಿಗೆಂದು ಮಾಡಿದ ಅಚ್ಚಿನಲ್ಲಿ ಎರಕ ಹೊಯ್ದರೆ ಏನಾಗುತ್ತದೆಂದು ನೋಡಿ.

ಈ ಬಗೆಯ ಪ್ರಶ್ನಾವಳಿಗಳು ಮಗು 'ನಾನು', 'ನನ್ನದು', 'ನೀನು' ಎಂಬ ಸರ್ವನಾಮಗಳನ್ನು ಬಳಸುತ್ತದೆಯೆ ಎಂದು ಕೇಳುತ್ತವೆ. ಇಂಗ್ಲಿಷಿನಲ್ಲಿ ಸರ್ವನಾಮವಿಲ್ಲದೆ ವಾಕ್ಯ ನಡೆಯುವುದು ಕಷ್ಟ. ಕನ್ನಡದಲ್ಲಿ ಹಾಗಲ್ಲ. 'ಬಂದೆ' ಎಂದರೆ ಬಂದವರು ಯಾರೆಂಬುದು ಆ ಪದದ ಕೊನೆಯಲ್ಲಿಯೇ ಇದೆ. 'ಹಾಲು ಬೇಕು' ಎಂಬ ವಾಕ್ಯಕ್ಕೆ 'ನನಗೆ' ಎಂಬುದನ್ನು ದೊಡ್ಡವರೂ ಸೇರಿಸುವುದಿಲ್ಲ. ಎರಡೂವರೆ ವರ್ಷದ ಮಗು 'ನಾನು' ಎನ್ನದಿದ್ದರೆ ಅದು ಕುಂದಲ್ಲ, ಕನ್ನಡದ ಜಾಯಮಾನ. ಮಗು ಎರಡು ಮೂರು ಪದಗಳನ್ನು ಸೇರಿಸಿ ಮಾತನಾಡುತ್ತದೆಯೆ ಎಂದು ಇನ್ನೊಂದು ಪ್ರಶ್ನೆ. 'ಬರಲ್ಲ' ಎಂಬ ಒಂದೇ ಪದದಲ್ಲಿ ಕನ್ನಡದ ಕೂಸು ಹೇಳಿ ಮುಗಿಸಿದ್ದನ್ನು ಹೇಳಲು ಇಂಗ್ಲಿಷಿನ ಕೂಸಿಗೆ ಮೂರು ಪದ ಬೇಕು. ಮಗು ಬಹುವಚನದ, ಭೂತಕಾಲದ ಇಂಗ್ಲಿಷ್ ಪ್ರತ್ಯಯಗಳನ್ನು ಹಚ್ಚುತ್ತದೆಯೆ ಎಂದು ದೊಡ್ಡ ಮಕ್ಕಳ ಪ್ರಶ್ನಾವಳಿ ಕೇಳುತ್ತದೆ. 'ಅಜ್ಜಿಗೆ ಕೊಡು', 'ಮನೇಲಿ ಇದೆ' ಎನ್ನುವ ಮಗು ಚತುರ್ಥಿ, ಸಪ್ತಮಿಗಳನ್ನು ಆಗಲೇ ಪಳಗಿಸಿಕೊಂಡಿದೆ. ಅದನ್ನು ಗುರುತು ಹಾಕಲು ಅಲ್ಲಿ ಚೌಕವೇ ಇಲ್ಲ.

ಮಾತಿನಾಚೆಗೂ ಇದೇ ತೊಡಕು. ಮಗು ಚಮಚೆಯಿಂದ ತಾನೇ ಉಣ್ಣುತ್ತದೆಯೆ? ನಮ್ಮ ಮನೆಗಳಲ್ಲಿ ಮೂರು ವರ್ಷದವರೆಗೂ ಕೈತುತ್ತು; ಅದು ನಮ್ಮ ಮುದ್ದು. ಚಮಚೆಯನ್ನೇ ಕೈಗೆ ಕೊಡದ ಮಗುವಿಗೆ 'ಇನ್ನೂ ಇಲ್ಲ' ಎಂದು ಒತ್ತಿದರೆ ಹತ್ತು ಅಂಕ ಹೋಯಿತು. ಹಾಗೆಂದು ಪ್ರಶ್ನಾವಳಿಯನ್ನು ಮಾಡಿದವರನ್ನು ದೂರುವುದು ಅನ್ಯಾಯ. ಪ್ರತಿಯೊಂದು ಪ್ರಶ್ನೆಯನ್ನೂ ಮಗುವಿನೊಡನೆ ಮಾಡಿ ನೋಡಿ ಉತ್ತರಿಸಿರೆಂದು ಅವರೇ ಹೇಳುತ್ತಾರೆ. ಮಗುವಿಗೆ ಆ ಅವಕಾಶ ದೊರೆತಿತ್ತೆ, ಮನೆಯ ಸಂಸ್ಕೃತಿ ಯಾವುದು ಎಂಬುದನ್ನು ಅಂಕ ಓದುವವರು ಗಣನೆಗೆ ತೆಗೆದುಕೊಳ್ಳಬೇಕೆನ್ನುತ್ತಾರೆ. ಒಂದು ಕ್ಷೇತ್ರದಲ್ಲಿ ಒಂದೆರಡು ಪ್ರಶ್ನೆ ಬಿಟ್ಟುಹೋದರೂ ಅಂಕವನ್ನು ಸರಿಹೊಂದಿಸುವ ಕ್ರಮವೂ ಅವರಲ್ಲಿದೆ. ಉಪಕರಣ ವಿವೇಕವುಳ್ಳದ್ದೇ. ಆದರೆ ಆ ವಿವೇಕವನ್ನು ಹೇಳಿಕೊಡಬೇಕಾದ ಮನುಷ್ಯನನ್ನು ತೆಗೆದು ಬರಿಯ ಕೊಂಡಿಯನ್ನು ಉಳಿಸಿಕೊಂಡಾಗ, ಕಾರಿನಲ್ಲಿ ಕುಳಿತ ತಂದೆಗೆ ಅದನ್ನು ಹೇಳುವವರು ಯಾರು?

ಕಾಯಿದೆ ಈ ವಿಷಯದಲ್ಲಿ ಮೌನವಾಗಿಲ್ಲ ಎಂಬುದನ್ನು ನಮ್ಮವರು ಅರಿಯಬೇಕು. ಪಾರ್ಟ್ ಸಿ ನಿಯಮಾವಳಿಯ ಪ್ರಕಾರ ಮಗುವಿನ ಮೌಲ್ಯಮಾಪನವು, ಸ್ಪಷ್ಟವಾಗಿ ಅಸಾಧ್ಯವಾದ ಹೊರತು, ಮಗುವಿನ ಮನೆಮಾತಿನಲ್ಲಿ ನಡೆಯತಕ್ಕದ್ದು. ಅಷ್ಟೇ ಅಲ್ಲ, ಯಾವುದೇ ಒಂದೇ ಒಂದು ವಿಧಾನವನ್ನು ನೆಚ್ಚಿ ಮಗುವಿನ ಅರ್ಹತೆಯನ್ನು ತೀರ್ಮಾನಿಸುವಂತಿಲ್ಲ. 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರಿದ ಅಧ್ಯಕ್ಷೀಯ ಆದೇಶವು, ಭಾಷಾ ನೆರವಿನ ಕುರಿತ 2000ದ ಆದೇಶವನ್ನು ರದ್ದುಗೊಳಿಸಿದ್ದು ನಿಜ. ಅದನ್ನು ಕೇಳಿ ನಮ್ಮಲ್ಲಿ ಕೆಲವರು ಇನ್ನು ಕೇಳಿ ಫಲವಿಲ್ಲವೆಂದು ಕೈಚೆಲ್ಲಿದ್ದಾರೆ. ಮನೆಮಾತಿನ ಈ ನಿಯಮ ಹುಟ್ಟಿದ್ದು ಆ ಆದೇಶದಿಂದಲ್ಲ. ಮಕ್ಕಳ ಕಾಯಿದೆಯಡಿಯ ನಿಯಮಾವಳಿಯಿಂದ. ಕನ್ನಡ ಬಲ್ಲವರು ಸಿಗುವುದಿಲ್ಲ ಎಂಬ ಉತ್ತರವೂ ನಿಲ್ಲದು. ದೂರವಾಣಿಯ ಮೂಲಕ ದುಭಾಷಿಗಳನ್ನು ಒದಗಿಸುವ ಸಂಸ್ಥೆಗಳ ಪಟ್ಟಿಯಲ್ಲಿ ಕನ್ನಡವಿದೆ. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಅಸಾಧ್ಯವೆಂದು ಬರೆದುಕೊಳ್ಳುತ್ತಾರೆ.

ಎರಡನೆಯ ಆಕ್ಷೇಪ: ಉತ್ತರ ಕೊಡುವವರು ಯಾರು ಎಂಬುದು. ಕೊಂಡಿ ಹೋಗುವುದು ಕಡತದಲ್ಲಿ ಮೊದಲು ಬರೆದ ಫೋನಿಗೆ. ನಮ್ಮ ಮನೆಗಳಲ್ಲಿ ಅದು ಬಹುಮಟ್ಟಿಗೆ ವಿಮೆಯ ಕಾಗದದಲ್ಲಿ ಹೆಸರಿರುವ, ಹಗಲೆಲ್ಲ ಮನೆಯ ಹೊರಗಿರುವ ವ್ಯಕ್ತಿಯದು. ಮಗುವಿನೊಡನಿರುವವರು ಎಚ್-4 ವೀಸಾದಲ್ಲಿರುವ ತಾಯಿ, ಇಲ್ಲವೆ ಆರು ತಿಂಗಳಿಗೊಮ್ಮೆ ಸರದಿಯ ಮೇಲೆ ಬರುವ ಎರಡೂ ಕಡೆಯ ಅಜ್ಜಿಯರು. ತಾಯಿ ಇಂಜಿನಿಯರೇ ಇರಬಹುದು; ಆದರೆ 'ಕಣ್ಣಿಗೆ ಕಣ್ಣು ಕೊಡುವುದಿಲ್ಲ', 'ಒಬ್ಬನೇ ಆಡಿಕೊಂಡಿರುತ್ತಾನೆ', 'ಹೇಳಿದ್ದನ್ನೇ ತಿರುಗಿ ಹೇಳುತ್ತಾನೆ' ಎಂಬ ಆತಂಕ ಅವಳಿಗೆ ಹುಟ್ಟುವುದು ಕನ್ನಡದಲ್ಲಿ. 'ಹೌದು', 'ಕೆಲವೊಮ್ಮೆ', 'ಇನ್ನೂ ಇಲ್ಲ' ಎಂಬ ಮೂರು ಗುಂಡಿಗಳಲ್ಲಿ ಆ ಆತಂಕಕ್ಕೆ ಜಾಗವಿಲ್ಲ. ಎದುರಿಗೆ ಕುಳಿತವರು 'ಮತ್ತೇನು ಗಮನಿಸಿದ್ದೀರಿ ತಾಯಿ?' ಎಂದು ಕೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ.

ಮೂರನೆಯ ಆಕ್ಷೇಪವನ್ನು ನಾವು ನಮ್ಮ ಮೇಲೆಯೇ ಹೊರಿಸಿಕೊಳ್ಳಬೇಕಾಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಕ್ಷೇತ್ರದ ಆರೂ ಪ್ರಶ್ನೆಗಳಿಗೆ ನಿಜವಾದ ಉತ್ತರ 'ಕೆಲವೊಮ್ಮೆ' ಎಂದಿದ್ದರೆ ಬರುವುದು 30. ಅಭಿಮಾನದಿಂದ ಆರಕ್ಕೂ 'ಹೌದು' ಎಂದು ಒತ್ತಿದರೆ ಬರುವುದು 60. ಮಗುವಿಗೆ ಸಿಗಬೇಕಾಗಿದ್ದ ನೆರವನ್ನು ಆರು ಒತ್ತುಗಳಲ್ಲಿ ಕಸಿದುಕೊಂಡಂತಾಯಿತು. ಶಾಲೆಯಲ್ಲಿಯೂ ಪರೀಕ್ಷೆಯಲ್ಲಿಯೂ ನೂರಕ್ಕೆ ನೂರು ಗಳಿಸಿ ಈ ದೇಶಕ್ಕೆ ಬಂದವರು ನಾವು. ಪ್ರಶ್ನಾವಳಿ ಕಂಡರೆ ಪೂರ್ಣಾಂಕ ಪಡೆಯಬೇಕೆಂಬ ಹಟ ಕೈಬೆರಳಿಗೇ ಅಂಟಿಬಿಟ್ಟಿದೆ. ಇದು ಪರೀಕ್ಷೆಯಲ್ಲ, ಇಲ್ಲಿ ಪೂರ್ಣಾಂಕಕ್ಕೆ ಬಹುಮಾನವಿಲ್ಲ.

ಅಭಿಮಾನದ ಜೊತೆಗೆ ಅಂಜಿಕೆಯೂ ಇದೆ. 'ಅವರಪ್ಪನೂ ಮೂರು ವರ್ಷಕ್ಕೇ ಮಾತನಾಡಿದ್ದು' ಎಂಬ ಸಮಾಧಾನ ಯಾವ ಮನೆಯಲ್ಲಿ ಕೇಳಿಲ್ಲ? ಕೆಲವರಿಗೆ ತಡವಾಗಿಯೇ ಮಾತು ಬರುತ್ತದೆ, ಒಪ್ಪುತ್ತೇವೆ. ಆದರೆ ಈ ಮಗು ಅವರಲ್ಲೊಂದೆ ಎಂಬುದನ್ನು ಹೇಳಬೇಕಾದವರು ತಜ್ಞರು. ಅಪ್ಪನ ಬಾಲ್ಯದ ನೆನಪಲ್ಲ. ದಾಖಲೆಯಲ್ಲಿ ಹೆಸರು ಸೇರಿಬಿಡುತ್ತದೆ, ಶಾಲೆಯಲ್ಲಿ ಹಣೆಪಟ್ಟಿ ಹಚ್ಚುತ್ತಾರೆ, ಕೂಟದಲ್ಲಿ ನಾಲ್ಕು ಜನ ಆಡಿಕೊಳ್ಳುತ್ತಾರೆ, ಗ್ರೀನ್ ಕಾರ್ಡಿಗೆ ತೊಡಕಾಗುತ್ತದೆ ಎಂಬ ಭಯಗಳನ್ನು ನಾವು ಕಿವಿಯಾರೆ ಕೇಳಿದ್ದೇವೆ. ಈ ಸೇವೆಗೆ ಬೇಕಾದುದು ಆ ರಾಜ್ಯದಲ್ಲಿ ವಾಸ, ಪೌರತ್ವವಲ್ಲ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಮೌಲ್ಯಮಾಪನವಾಗಲಿ ಸೇವೆಯಾಗಲಿ ಆರಂಭವಾಗದು. ಯಾವ ಸೇವೆಯನ್ನಾದರೂ ಯಾವಾಗ ಬೇಕಾದರೂ ನಿಲ್ಲಿಸಬಹುದು. ದಾಖಲೆಯನ್ನು ನೋಡುವ ಹಕ್ಕು ನಿಮಗಿದೆ. ಇನ್ನು ಆಡಿಕೊಳ್ಳುವವರ ವಿಷಯ: ಅವರು ನಾವೇ. ಆಡಿಕೊಳ್ಳುವುದನ್ನು ನಾವು ಬಿಟ್ಟರೆ ಆಯಿತು.

ಇನ್ನೊಂದು ಅಪಚಾರವನ್ನು ಹೇಳದೆ ಮುಂದೆ ಹೋಗಲಾರೆವು. ಮಾತು ತಡವಾದ ಮಗುವಿನ ತಂದೆತಾಯಿಗೆ 'ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷನ್ನೇ ಆಡಿ, ಎರಡು ಭಾಷೆಯಿಂದ ಮಗುವಿಗೆ ಗೊಂದಲ' ಎಂಬ ಉಪದೇಶ ಈಗಲೂ ಅಲ್ಲಲ್ಲಿ ದೊರಕುತ್ತಿದೆ. ಹೇಳುವವರು ಕೆಲವೊಮ್ಮೆ ವೃತ್ತಿಪರರು, ಹೆಚ್ಚಾಗಿ ನಮ್ಮದೇ ನೆಂಟರಿಷ್ಟರು. ಇದಕ್ಕೆ ಸಂಶೋಧನೆಯ ಆಧಾರವಿಲ್ಲ. ಎರಡು ಭಾಷೆಗಳಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ನಿಜವಾದ ತೊಂದರೆಯಿದ್ದರೆ ಅದು ಎರಡೂ ಭಾಷೆಗಳಲ್ಲಿ ಕಾಣುತ್ತದೆ. ಆದ್ದರಿಂದಲೇ ಮಗುವಿನ ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಬೇಕು. 10 ಇಂಗ್ಲಿಷ್ ಪದ, 30 ಕನ್ನಡ ಪದ ಬಲ್ಲ ಮಗು 40 ಪದ ಬಲ್ಲ ಮಗು. ಇಂಗ್ಲಿಷ್ ಫಾರಂ ನೋಡಿ ತಂದೆ 10 ಎಂದು ಬರೆದರೆ ಒಂದು ಬಗೆಯ ತಪ್ಪು. ನಾಲ್ಕೇ ಪದ ಬಲ್ಲ ಮಗುವಿಗೆ 'ಕನ್ನಡದಲ್ಲಿ ಬಹಳ ಮಾತನಾಡುತ್ತಾನೆ' ಎಂದು ತೇಲಿಸಿದರೆ ಇನ್ನೊಂದು ಬಗೆಯ ತಪ್ಪು. ಮೊದಲನೆಯದರಿಂದ ಸುಳ್ಳು ಗಾಬರಿ, ಎರಡನೆಯದರಿಂದ ಸುಳ್ಳು ನೆಮ್ಮದಿ. ಸುಳ್ಳು ನೆಮ್ಮದಿಯೇ ಹೆಚ್ಚು ದುಬಾರಿ ಎಂಬುದನ್ನು ಮೇಲೆ ಹೇಳಿದ ಮನೆ ಕಂಡುಕೊಂಡಿದೆ.

ಹಾಗಾದರೆ ಏನು ಮಾಡಬೇಕು? ಸೇವೆ ನಡೆಸುವ ಕಚೇರಿಗಳಿಂದ ನಾವು ಅಪೇಕ್ಷಿಸುವುದು ಇಷ್ಟು. ಕೊಂಡಿ ಕಳುಹಿಸುವ ಮುನ್ನ ಎರಡು ಪ್ರಶ್ನೆ ಕೇಳಲಿ: ಹಗಲಿನಲ್ಲಿ ಮಗುವಿನೊಡನೆ ಇರುವವರು ಯಾರು, ಅವರು ಮಗುವಿನೊಡನೆ ಯಾವ ಭಾಷೆ ಆಡುತ್ತಾರೆ. ಮನೆಮಾತು ಇಂಗ್ಲಿಷ್ ಅಲ್ಲದ ಮನೆಗೆ ಅಂಕ ನೋಡಿ ಚಿಂತೆಯಿಲ್ಲ ಎಂದು ಬರೆಯುವ ಮೊದಲು ದುಭಾಷಿಯೊಡನೆ ಹತ್ತು ನಿಮಿಷ ಮಾತನಾಡಲಿ. ಪ್ರಶ್ನಾವಳಿಯು ಮನೆಗೆ ಬರುವ ತಜ್ಞರ ಕಣ್ಣಿಗೆ ಸಹಾಯಕವಾಗಲಿ, ಬದಲಿಯಾಗದಿರಲಿ. ಬ್ರೌಸರಿನ ಅನುವಾದದ ಗುಂಡಿಯನ್ನು ಕನ್ನಡದ ಪ್ರಶ್ನಾವಳಿಯೆಂದು ಯಾರೂ ತಿಳಿಯದಿರಲಿ. ಪ್ರಕಾಶಕರ ಹಕ್ಕಿರುವ ಪ್ರಶ್ನಾವಳಿಯನ್ನು ನಾವೇ ಅನುವಾದಿಸಿ ಹಂಚುವಂತೆಯೂ ಇಲ್ಲ. ಭಾಷೆ ಬದಲಾದರೆ ಪ್ರಶ್ನೆ ಬದಲಾಗುತ್ತದೆ, ಗೆರೆಯೂ ಬದಲಾಗಬಹುದು; ಆದ್ದರಿಂದ ಕನ್ನಡದ ಮಕ್ಕಳ ಮೇಲೆ ಪರೀಕ್ಷಿಸಿಯೇ ಅದನ್ನು ರೂಪಿಸಬೇಕು. 'ಏಜಸ್ ಅಂಡ್ ಸ್ಟೇಜಸ್'ನ ಹಿಂದಿ ರೂಪದ ಮೇಲೆ ಭಾರತದಲ್ಲಿ ಅಧ್ಯಯನ ನಡೆದಿದೆ. ಕನ್ನಡಕ್ಕೆ ಆ ಶಕ್ತಿಯಿಲ್ಲವೆ? ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು ಕಟ್ಟಿದ 'ಕಾಮ್ ಡೀಲ್' ಸಂಸ್ಥೆ ಮಾತು, ಸಂವಹನಗಳಲ್ಲಿ ತೊಡಕುಳ್ಳ ಎಳೆಯ ಮಕ್ಕಳಿಗಾಗಿಯೇ ದುಡಿಯುತ್ತಿದೆ. ಕನ್ನಡದ ಮಗು ಮಾತು ಕಲಿಯುವ ಬಗೆಯನ್ನು ಬಲ್ಲವರು ಅಲ್ಲಿದ್ದಾರೆ. ಕೇಳಬೇಕಾದ ಕೈ ಇಲ್ಲಿಂದ ಚಾಚಬೇಕು.

ಆ ಕೈ ನಮ್ಮ ಕೂಟಗಳದಾಗಲಿ ಎಂಬುದು ನಮ್ಮ ಒತ್ತಾಯ. 2002ರಲ್ಲಿ ಡೆಟ್ರಾಯ್ಟ್, 2008ರಲ್ಲಿ ಚಿಕಾಗೋ ಅಕ್ಕ ವಿಶ್ವ ಕನ್ನಡ ಸಮ್ಮೇಳನಗಳಿಗೆ ಆತಿಥ್ಯ ನೀಡಿದ ಊರುಗಳು. ಸಹಸ್ರಾರು ಜನಕ್ಕೆ ಊಟ, ವಸತಿ, ವೇದಿಕೆ ಹೊಂದಿಸಿದ ನಮ್ಮ ವಿದ್ಯಾರಣ್ಯ, ಪಂಪ ಕನ್ನಡ ಕೂಟಗಳ ಊರಿನಲ್ಲಿ, ಗಾಬರಿಗೊಂಡ ಒಬ್ಬ ತಾಯಿಯ ಪಕ್ಕದಲ್ಲಿ ಕುಳಿತು ಕಚೇರಿಗೆ ಕರೆ ಮಾಡಿಕೊಡಲು ಹತ್ತು ಜನ ಸಿಗಲಾರರೆ? ಯುಗಾದಿ, ರಾಜ್ಯೋತ್ಸವಗಳ ಸಭಾಂಗಣದ ಹೊರಗೆ ಸೀರೆ, ಒಡವೆಗಳ ಮಳಿಗೆಗಳ ಸಾಲಿನಲ್ಲಿ ಒಂದು ಮೇಜು ಈ ವಿಷಯಕ್ಕೆ ಇರಲಿ. ನಮ್ಮವರಲ್ಲಿ ಸ್ಪೀಚ್ ಥೆರಪಿಸ್ಟರು, ಮಕ್ಕಳ ವೈದ್ಯರು, ಶಿಕ್ಷಕರು ಇದ್ದಾರೆ. ವರ್ಷಕ್ಕೆ ಎರಡು ಸಂಜೆ ಅವರನ್ನು ಕೇಳಿಕೊಳ್ಳೋಣ. ಒಂದು ಎಚ್ಚರವನ್ನು ಮಾತ್ರ ಮರೆಯದಿರೋಣ: ಮೌಲ್ಯಮಾಪನದಲ್ಲಿ ದುಭಾಷಿಯಾಗಿ ಕೂರಬೇಕಾದವರು ಗೋಪ್ಯತೆಗೆ ಬದ್ಧರಾದ ವೃತ್ತಿಪರರು, ಪರಿಚಯದ ಆಂಟಿಯಲ್ಲ. ಮನೆಯ ಗುಟ್ಟು ಮುಂದಿನ ಪಾಟ್‌ಲಕ್ಕಿನಲ್ಲಿ ಚರ್ಚೆಗೆ ಬರುತ್ತದೆಂಬ ಭಯವಿದ್ದರೆ ಯಾವ ತಾಯಿಯೂ ನಿಜ ಹೇಳಳು. ಸ್ವಯಂಸೇವಕರ ಕೆಲಸ ಧೈರ್ಯ ಹೇಳುವುದು, ದಾರಿ ತೋರುವುದು, ಬಾಯಿ ಮುಚ್ಚಿಕೊಂಡಿರುವುದು.

ಕೊನೆಯದಾಗಿ ಎಳೆಯ ಮಕ್ಕಳಿರುವ ಮನೆಯವರಿಗೆ ನಾಲ್ಕು ಮಾತು. ಕೊಂಡಿ ಬಂದರೆ ಕೂಡಲೇ ಒತ್ತಬೇಡಿ. ಸಂಜೆ ಮನೆಗೆ ಬಂದು, ಮಗುವನ್ನು ಎದುರಿಗೆ ಕೂರಿಸಿಕೊಂಡು, ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿ, ಅಮ್ಮನೂ ಅಜ್ಜಿಯೂ ಹೇಳಿದ್ದನ್ನು ಕೇಳಿ ಒತ್ತಿರಿ. ಟಿಪ್ಪಣಿ ಬರೆಯಲು ಜಾಗವಿದ್ದರೆ 'ಮನೆಮಾತು ಕನ್ನಡ' ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಕನ್ನಡದ ದುಭಾಷಿ ಬೇಕೆಂದು ಕೇಳಿರಿ. ಮಾತು ತಡವಾಗಿದ್ದರೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿರಿ. ಅಂಕ ಏನೇ ಹೇಳಲಿ, ಮನಸ್ಸು ಒಪ್ಪದಿದ್ದರೆ ಇಲಿನಾಯ್‌ನ ಅರ್ಲಿ ಇಂಟರ್ವೆನ್ಷನ್ ಕಚೇರಿಗೋ ಮಿಷಿಗನ್‌ನ ಅರ್ಲಿ ಆನ್‌ಗೋ ನೀವೇ ಕರೆ ಮಾಡಿರಿ. ಮೂರನೆಯ ಹುಟ್ಟುಹಬ್ಬಕ್ಕೆ 45 ದಿನಗಳಿಗಿಂತ ಕಡಿಮೆ ಉಳಿದಿರುವಾಗ ಕರೆ ಮಾಡಿದರೆ ಮೌಲ್ಯಮಾಪನ ಮಾಡಬೇಕೆಂಬ ಬಾಧ್ಯತೆ ಆ ಕಚೇರಿಗೆ ಇಲ್ಲ ಎಂಬುದು ನೆನಪಿರಲಿ. ಆಮೇಲೂ ಊರಿನ ಶಾಲಾ ವ್ಯವಸ್ಥೆಯ ಬಾಗಿಲು ತೆರೆದೇ ಇರುತ್ತದೆ. ಆದರೆ ಕಳೆದ ತಿಂಗಳುಗಳು ಹಿಂದಿರುಗಿ ಬಾರವು.

ಆ ಮನೆಯ ಮಗು ಈಗ ಊರಿನ ಶಾಲೆಯ ಮೂಲಕ ನೆರವು ಪಡೆಯುತ್ತಿದ್ದಾನೆ. ಮಾತು ನಿಧಾನವಾಗಿ ಬರುತ್ತಿದೆ. ಅಜ್ಜಿ ಮೈಸೂರಿಗೆ ಮರಳಿದ್ದಾರೆ. ಇದನ್ನು ಬರೆಯುವ ಮುನ್ನ ಅವರೊಡನೆ ಮಾತನಾಡಿದೆವು. ಮಗು ಕರೆದರೆ ತಿರುಗಿ ನೋಡುತ್ತಿರಲಿಲ್ಲವೆಂಬುದು ಬಂದ ವಾರದಲ್ಲಿಯೇ ತಮಗೆ ಗೊತ್ತಾಗಿತ್ತು ಎಂದರು. ಏಕೆ ಹೇಳಲಿಲ್ಲ ಎಂದು ನಾವು ಕೇಳಿದಾಗ, 'ನನ್ನನ್ನು ಯಾರು ಕೇಳಿದರಪ್ಪಾ?' ಎಂದರು. ಆ ಪ್ರಶ್ನೆಗೆ ಕಚೇರಿಯವರೂ ಉತ್ತರಿಸಬೇಕು, ನಾವೂ ಉತ್ತರಿಸಬೇಕು.